ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಡಿ

"ಅವರನ್ನ ಪ್ರಶ್ನೆ ಕೇಳೋದು ಕಡಿಮೆ ಮಾಡಿ" ಎಂದರೆ ಮನೆಯವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಮಾತು ಕಲಿಸಬೇಕಾದವಳೇ ಹೀಗೆ ಹೇಳಿದರೆ ಹೇಗೆ ಅಂತ. ಆದರೆ ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಭಾಷೆ ಕೆಡುವ ತೊಂದರೆ, ಇರುವವರ ಮನೆಗಳಲ್ಲಿ ಪ್ರಶ್ನೆಗಳ ಈ ಕಾಟ ಮತ್ತೆ ಮತ್ತೆ ಕಾಣುತ್ತದೆ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅರವತ್ತರ ಆಸುಪಾಸಿನ ವ್ಯಕ್ತಿ. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿ, ಮಾತು ಒಂದೆರಡು ಪದಕ್ಕೆ ಇಳಿದಿತ್ತು. ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಹೆಂಡತಿ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು.

ಆ ದಿನ ಆಕೆ ಮನೆಯಲ್ಲಿ ಮಾಡಿಸುವ ಅಭ್ಯಾಸ ತೋರಿಸಲು ಚಿತ್ರದ ಕಾರ್ಡುಗಳನ್ನು ತಂದಿದ್ದರು. ಒಂದೊಂದೇ ಎತ್ತಿ "ರೀ, ಇದೇನು ಹೇಳಿ?" ಅಂತ ಕೇಳತೊಡಗಿದರು. ಬೀಗದಕೈ. ಕನ್ನಡಕ. ಛತ್ರಿ. ಅವರು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ "ಛ... ಛ..." ಎಂದು ಶುರು ಮಾಡಿಕೊಡುತ್ತಿದ್ದರು. ಆಮೇಲೆ ಕೈಗಡಿಯಾರದ ಚಿತ್ರ ಬಂತು. ಅವರು ಎಡಗೈಯಿಂದ ಆ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ತುಂಬ ಹೊತ್ತು ತಡಕಾಡಿ, "ಪರೀಕ್ಷೆ... ಸಾಕು" ಅಂದರು.

ಆಕೆಗೆ ಕುರ್ಚಿಯಲ್ಲಿ ಕೂರಲಾಗದಷ್ಟು ಖುಷಿ. "ಎರಡು ಪದ ಒಟ್ಟಿಗೆ ಹೇಳಿದ್ರು ಮೇಡಂ!" ಎಂದು ಮೊಬೈಲ್ ತೆಗೆದರು. "ಇನ್ನೊಂದ್ಸಲ ಹೇಳಿ, ಮಗಳಿಗೆ ಕಳಿಸ್ತೀನಿ."

ಅವರು ಮುಖ ತಿರುಗಿಸಿದರು. ಆಮೇಲೆ ಆ ದಿನ ಮಾತೇ ಆಡಲಿಲ್ಲ.

ನನಗೆ ಕಾಡಿದ್ದು ಇದೇ. ಎಷ್ಟು ಪದ ಬಂತು ಅಂತ ಆಕೆ ಎಣಿಸಿದರು. ಏನು ಹೇಳಿದರು ಅನ್ನುವುದು ಕಿವಿಗೇ ಬೀಳಲಿಲ್ಲ. ಅದನ್ನೇ ಆಕೆಗೆ ಹೇಳಿದೆ. "ಹಾಗಾದ್ರೆ ನಾನು ಇಷ್ಟು ದಿನ ಕಷ್ಟಪಟ್ಟಿದ್ದೆಲ್ಲ ತಪ್ಪಾ?" ಅಂದರು. ತಪ್ಪಲ್ಲ. ಅಭ್ಯಾಸ ಬೇಕೇ ಬೇಕು, ಜಾಸ್ತಿಯೇ ಬೇಕು. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೂ ವರ್ಷಗಟ್ಟಲೆ ಸುಧಾರಣೆ ಸಾಧ್ಯ. ಆದರೆ ಅಭ್ಯಾಸಕ್ಕೆ ಒಂದು ಹೊತ್ತು ಇರಲಿ. ಬೆಳಗಿನಿಂದ ರಾತ್ರಿವರೆಗೆ ಮನೆಯೇ ಪರೀಕ್ಷಾ ಕೊಠಡಿಯಾದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಆಕೆಗೆ ಇನ್ನೊಂದು ಅನುಮಾನವೂ ಇತ್ತು. "ವಾರದ ಹೆಸರು ಪಟಪಟ ಹೇಳ್ತಾರೆ, ಸಿಟ್ಟು ಬಂದ್ರೆ ಸರಿಯಾಗಿ ಬೈತಾರೆ. ಬೇಕಂತಲೇ ಸುಮ್ನಿರ್ತಾರಾ?" ಇಲ್ಲ. ಬಾಯಿಪಾಠದ ಸಾಲು, ಬೈಗುಳ, ಹಾಡು ಇವೆಲ್ಲ ಎಷ್ಟೋ ಸಲ ಉಳಿದುಕೊಳ್ಳುತ್ತವೆ. ಬೇಕಾದ ಪದವನ್ನು ಹುಡುಕಿ ತೆಗೆಯುವುದೇ ಕಷ್ಟ. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿಯೂ ಹೆಚ್ಚುಕಡಿಮೆ 'ಟಾನ್' ಎಂಬ ಒಂದೇ ಶಬ್ದದಲ್ಲಿ ಮಾತಾಡುತ್ತಿದ್ದ. ಆದರೆ ರೇಗಿದಾಗ ಅವನ ಬಾಯಿಂದಲೂ ಬೈಗುಳ ಬರುತ್ತಿತ್ತು. ಅಫೇಸಿಯಾ ಕೆಡಿಸುವುದು ಭಾಷೆಯನ್ನು. ಬುದ್ಧಿ, ನೆನಪು, ಅಭಿಪ್ರಾಯ ಹೋಗಿಬಿಟ್ಟವು ಅಂತ ಅಂದುಕೊಳ್ಳಬಾರದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಬರುತ್ತದೆ. ಆದರೂ ಇಷ್ಟು ಮಾತ್ರದ ತಿಳಿವಳಿಕೆ ಎಷ್ಟೋ ಮನೆಗಳಿಗೆ ತಲುಪಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಕಾರ್ಡಿನ ಅಭ್ಯಾಸ ದಿನಕ್ಕೆ ಅರ್ಧ ಗಂಟೆ, ಅವರು ಒಪ್ಪಿದ ಹೊತ್ತಿನಲ್ಲಿ. ಉಳಿದ ಹೊತ್ತು ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ್ದನ್ನು ಮಾತ್ರ ಕೇಳಿ. ಕೇಳಿದ ಮೇಲೆ ಕಾಯಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಪದ ಬರದಿದ್ದರೆ ಕಾಗದದ ಮೇಲೆ ಎರಡು ಮೂರು ಆಯ್ಕೆ ದಪ್ಪಕ್ಷರದಲ್ಲಿ ಬರೆದು ತೋರಿಸಿ. ಕೊನೆಗೆ 'ಬೇರೆ ಏನೋ' ಅಂತಲೂ ಬರೆಯಿರಿ. ಅದಿಲ್ಲದಿದ್ದರೆ ನೀವು ಯೋಚಿಸಿದ್ದರಲ್ಲೇ ಅವರು ಆರಿಸಬೇಕಾಗುತ್ತದೆ. ಅವರ 'ಹೌದು', 'ಇಲ್ಲ' ಅದಲುಬದಲಾಗುವುದುಂಟು, ಹಾಗಾಗಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ನೆಂಟರ ಮುಂದೆ ಮಾತಿನ ಪ್ರದರ್ಶನ ಬೇಡ.

ಕಾರ್ಡು ಕಡಿಮೆ ಮಾಡಿಸಿದ್ದು ಸರಿಯಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಮನುಷ್ಯ ಮಾತು ಕಲಿಯುವುದು ಏನಾದರೂ ಹೇಳಲಿಕ್ಕೆ, ಅಲ್ವಾ? ಹೇಳಿದ್ದನ್ನು ಕೇಳುವವರೇ ಇಲ್ಲದಿದ್ದರೆ ನೂರು ಹೆಸರು ಬಂದು ಏನು ಪ್ರಯೋಜನ? ನನ್ನ ನಿಲುವು ಇದು, ಇವತ್ತಿಗೂ ಬದಲಾಗಿಲ್ಲ.

ಕೆಲವು ವಾರ ಕಳೆದು ಆಕೆ ಒಂದು ದೂರು ತಂದರು. ಮಗಳ ಮನೆಗೆ ವಾಸ ಬದಲಿಸುವ ವಿಷಯ ಆಕೆ ಮತ್ತು ಮಗಳು ಮಾತಾಡಿ ಮುಗಿಸಿದ್ದರಂತೆ. ನಾನು ಹೇಳಿದ್ದೆನಲ್ಲ ಅಂತ ಕಾಗದದಲ್ಲಿ ಆಯ್ಕೆ ಬರೆದು ಗಂಡನನ್ನೂ ಕೇಳಿದ್ದಾರೆ. ಅವರು 'ಬೇಡ' ಎಂಬುದಕ್ಕೆ ಬೆರಳಿಟ್ಟು, ಕಾರಣ ಹೇಳಲು ಅಂಕಿ ಬರೆದು, ಖರ್ಚಿನ ಲೆಕ್ಕವನ್ನೇ ಮುಂದಿಟ್ಟರಂತೆ. "ಎರಡು ದಿನದಿಂದ ಜಗಳ ಮೇಡಂ, ಒಂದೂ ಬಿಟ್ಟುಕೊಡ್ತಿಲ್ಲ!"

ಕಾರ್ಡಿನ ಅಂಕಗಳು ಹೆಚ್ಚೇನೂ ಏರಿರಲಿಲ್ಲ. ಆದರೂ ಈ ಜಗಳವನ್ನು ನಾನು ಫೈಲಿನಲ್ಲಿ ಪ್ರಗತಿ ಎಂದೇ ಬರೆದೆ.