ಫೇಸ್‌ಲಿಫ್ಟ್ ಮಾಡಿಸುವ ಮುನ್ನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮುಖದ ಜೋತುಬಿದ್ದ ಚರ್ಮ ಬಿಗಿ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಹೆಸರು, ವಿಳಾಸ ಬಿಟ್ಟಿದ್ದೇವೆ.

ನನಗೆ 54 ವರ್ಷ. ದವಡೆಯ ಎರಡೂ ಬದಿ ಜೋತುಬಿದ್ದಿದೆ, ಗದ್ದದ ಕೆಳಗೆ ಕುತ್ತಿಗೆಯಲ್ಲಿ ಎರಡು ಪಟ್ಟಿ ಎದ್ದು ಕಾಣುತ್ತವೆ. ಹಣೆಯಲ್ಲಿ ನೆರಿಗೆ, ಕೆನ್ನೆಯ ಮೇಲೆ ಬಂಗು ಬೇರೆ. ಒಮ್ಮೆ ಆಪರೇಷನ್ ಮಾಡಿಸಿದರೆ ಎಲ್ಲ ಹೋಗುತ್ತದೆಯೇ? ಪಾರ್ಲರಿನವರು ಚರ್ಮದ ಕೆಳಗೆ ಎತ್ತಿ ಹಿಡಿಯುವ ದಾರ ಹಾಕಿಸಿಕೊಂಡರೆ ಸಾಕು ಅನ್ನುತ್ತಾರೆ. (ವಿದ್ಯಾನಗರ, ಹುಬ್ಬಳ್ಳಿ)

ನೀವು ಬರೆದ ನಾಲ್ಕರಲ್ಲಿ ಫೇಸ್‌ಲಿಫ್ಟ್ ಸರಿಮಾಡುವುದು ಎರಡನ್ನು ಮಾತ್ರ: ದವಡೆಯಂಚಿನ ಜೋಲು ಮತ್ತು ಕುತ್ತಿಗೆ. ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ಸ್ವಲ್ಪ ತಗ್ಗೀತು, ಪೂರ್ತಿ ಹೋಗುವುದಿಲ್ಲ. ಹಣೆ, ಹುಬ್ಬು, ಕಣ್ಣಿನ ರೆಪ್ಪೆಗೆ ಬೇರೆಯದೇ ಆಪರೇಷನ್‌ಗಳಿವೆ. ಬಂಗು ಚರ್ಮದ ಬಣ್ಣದ ತೊಂದರೆ, ಎಷ್ಟು ಬಿಗಿ ಎಳೆದರೂ ಅದು ಅಲ್ಲೇ ಇರುತ್ತದೆ. ಅದಕ್ಕೆ ಚರ್ಮವೈದ್ಯರನ್ನು ಕಾಣಬೇಕು.

ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಮುಖದ ಸ್ನಾಯುಗಳನ್ನು ಹೊದ್ದಿರುವ ಗಟ್ಟಿ ಪದರು ಒಂದಿದೆ. ವೈದ್ಯರು ಅದನ್ನು ‘ಸ್ಮಾಸ್’ ಅನ್ನುತ್ತಾರೆ. 1976ರಲ್ಲಿ ಫ್ರಾನ್ಸಿನ ವೈದ್ಯರು ಅದನ್ನು ವಿವರವಾಗಿ ಗುರುತಿಸಿದ ಮೇಲೆ ಈ ಶಸ್ತ್ರಚಿಕಿತ್ಸೆಯ ರೀತಿಯೇ ಬದಲಾಯಿತು. ಕೌದಿಯ ಮೇಲಿನ ಬಟ್ಟೆಯನ್ನಷ್ಟೇ ಎಳೆದು ಹೊಲಿದರೆ ಒಳಗಿನ ಅರಿವೆ ಮುದ್ದೆಯಾಗಿಯೇ ಉಳಿಯುತ್ತದಲ್ಲ, ಚರ್ಮವನ್ನು ಮಾತ್ರ ಎಳೆದರೂ ಹಾಗೆಯೇ. ಚರ್ಮ ಮತ್ತೆ ಹಿಗ್ಗುತ್ತದೆ, ಹೊಲಿಗೆಯ ಗಾಯ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಜಗ್ಗಿ ಕೆನ್ನೆಗೆ ಅಂಟಿದಂತಾಗುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ಒಳಪದರನ್ನು ಮಡಿಚಿ ಹೊಲಿಯುತ್ತೀರೋ, ಒಂದು ಪಟ್ಟಿ ಕತ್ತರಿಸಿ ಬಿಗಿಯುತ್ತೀರೋ, ಅದರ ಕೆಳಗೇ ಹೋಗಿ ಒಟ್ಟಿಗೆ ಎತ್ತುತ್ತೀರೋ? ಮೂರೂ ಒಪ್ಪಿತ ವಿಧಾನಗಳೇ. ‘ಚರ್ಮ ಮಾತ್ರ, ಒಂದು ತಾಸಿನ ಕೆಲಸ’ ಎಂದರೆ ಎದ್ದು ಬನ್ನಿ. ಕುತ್ತಿಗೆಯನ್ನೂ ಸೇರಿಸಿ ಸರಿಯಾಗಿ ಮಾಡಲು ಸಾಮಾನ್ಯವಾಗಿ ಮೂರರಿಂದ ಐದು ತಾಸು ಬೇಕು.

ಫಲ ಎಷ್ಟು ಬಂದೀತು ಎಂದು ಅಂದಾಜಿಸಲು ಕನ್ನಡಿ ಮುಂದೆ ನೇರ ಕುಳಿತು, ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಚರ್ಮವನ್ನು ಮೇಲೂ ಹಿಂದೂ ಸುಮಾರು ಒಂದು ಸೆಂಟಿಮೀಟರ್ ಸರಿಸಿ. ಹೆಚ್ಚುಕಡಿಮೆ ಅಷ್ಟೇ. ಜೋರಾಗಿ ಎಳೆದಾಗ ಕಾಣುವ ಮುಖ ನಿಮಗೆ ಬೇಕಿದ್ದರೆ ಆಪರೇಷನ್ ನಿಮ್ಮನ್ನು ನಿರಾಸೆಗೊಳಿಸುತ್ತದೆ. ಚೆನ್ನಾಗಿ ಮಾಡಿದ್ದು ಸುಮಾರು ಏಳರಿಂದ ಹತ್ತು ವರ್ಷ ಉಳಿಯುತ್ತದೆ, ವಯಸ್ಸಾಗುವುದು ನಿಲ್ಲುವುದಿಲ್ಲ.

ದಾರದ ವಿಷಯ: ಹೆಚ್ಚಾಗಿ ಬಳಸುವ ಪಿಡಿಒ ದಾರ ಸುಮಾರು ಆರು ತಿಂಗಳಲ್ಲಿ ಕರಗುತ್ತದೆ. ಹೆಚ್ಚುವರಿ ಚರ್ಮವನ್ನು ಅದು ತೆಗೆಯುವುದಿಲ್ಲ. ನಲವತ್ತರ ಆಸುಪಾಸಿನಲ್ಲಿ ಸ್ವಲ್ಪ ಜೋತವರಿಗೆ ಉಪಯೋಗವಾದೀತು, ನೀವು ಬರೆದಂಥ ಕುತ್ತಿಗೆಗೆ ಸಾಲದು. ಮತ್ತೆ, ಪಾರ್ಲರಿನಲ್ಲಿ ದಾರ, ಫಿಲ್ಲರ್ (ತಗ್ಗು ತುಂಬಲು ಚುಚ್ಚುವ ಮದ್ದು) ಎರಡನ್ನೂ ದಯವಿಟ್ಟು ಹಾಕಿಸಿಕೊಳ್ಳಬೇಡಿ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಕಣ್ಣಿನ ದೃಷ್ಟಿಯೇ ಹೋಗಬಹುದು, ಹೋದದ್ದು ಮರಳಿ ಬರುವುದು ವಿರಳ.

ವಯಸ್ಸು 58, ನಿವೃತ್ತ. ಬಿಪಿಗೆ ಹತ್ತು ವರ್ಷದಿಂದ ಗುಳಿಗೆ ಇದೆ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ದಿನಕ್ಕೆ ನಾಲ್ಕೈದು ಪಾಕೀಟು ಮಸಾಲಾ-ತಂಬಾಕು ಹಾಕುತ್ತೇನೆ, ಸಿಗರೇಟಿಲ್ಲ. ಕುತ್ತಿಗೆ ಬಿಗಿ ಮಾಡಿಸಬಹುದೇ? ಗಂಡಸರೂ ಮಾಡಿಸುತ್ತಾರೆಯೇ? (ಬೆಟಗೇರಿ, ಗದಗ)

ಗಂಡಸರೂ ಮಾಡಿಸುತ್ತಾರೆ, ನಾಚಿಕೊಳ್ಳುವುದು ಏನೂ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ನಾಲ್ಕು ಅಪಾಯ ಒಟ್ಟಿಗೆ ಇವೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ.

ಈ ಆಪರೇಷನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ತೊಂದರೆ ಚರ್ಮದ ಕೆಳಗೆ ರಕ್ತ ಸೇರಿಕೊಳ್ಳುವುದು. ಹೆಂಗಸರಲ್ಲಿ ನೂರಕ್ಕೆ ಒಂದರಿಂದ ಮೂವರಿಗೆ ಆಗುತ್ತದೆ. ಗಂಡಸರಲ್ಲಿ ಅದಕ್ಕಿಂತ ಹೆಚ್ಚು, ಏಕೆಂದರೆ ಗಡ್ಡದ ಬೇರುಗಳಿಗೆ ರಕ್ತ ಪೂರೈಸುವ ನಾಳಗಳು ದಟ್ಟವಾಗಿರುತ್ತವೆ. ಬಹುತೇಕ ಮೊದಲ 24 ತಾಸಿನೊಳಗೇ ಆಗುತ್ತದೆ. ಆಪರೇಷನ್ ಹೊತ್ತಿನಲ್ಲಿ ಚುಚ್ಚುವ ಮದ್ದಿನಲ್ಲಿ ಅಡ್ರಿನಲಿನ್ ಇರುತ್ತದೆ, ಅದು ನಾಳಗಳನ್ನು ಸಂಕುಚಿಸಿ ರಕ್ತ ನಿಲ್ಲಿಸಿರುತ್ತದೆ. ಕೆಲವು ತಾಸಿನ ಮೇಲೆ ಅದರ ಪ್ರಭಾವ ಇಳಿದು ನಾಳ ತೆರೆದುಕೊಳ್ಳುತ್ತದೆ. ಅದೇ ಹೊತ್ತಿಗೆ ನೋವು, ವಾಂತಿ, ಕೆಮ್ಮು, ಮೂತ್ರ ಕಟ್ಟಿಕೊಂಡದ್ದು, ಹೆದರಿಕೆ ಇವುಗಳಲ್ಲಿ ಯಾವುದರಿಂದಲಾದರೂ ಬಿಪಿ ಏರಿದರೆ ರಕ್ತ ಚಿಮ್ಮುತ್ತದೆ. ಹಾಗಾಗಿ ಆಪರೇಷನ್ನಿಗೆ ಮುಂಚಿನ ಒಂದು ತಿಂಗಳು ಬೆಳಿಗ್ಗೆ-ಸಂಜೆ ಬಿಪಿ ಬರೆದಿಡಿ. ಮೇಲಿನ ಅಂಕಿ ನಿಯಮಿತವಾಗಿ 140ರ ಕೆಳಗೆ ಬಂದ ಮೇಲೆಯೇ ದಿನಾಂಕ ತೆಗೆದುಕೊಳ್ಳಿ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುತ್ತಿದ್ದರೆ ಅದನ್ನೂ ಮೊದಲೇ ಹೇಳಿ.

ಸ್ಟೆಂಟ್ ಹಾಕಿದವರು ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಾರೆ. ಬಿಟ್ಟರೆ ಸ್ಟೆಂಟ್ ಕಟ್ಟಿ ಹೃದಯಾಘಾತವಾದೀತು, ಬಿಡದಿದ್ದರೆ ಮುಖದಲ್ಲಿ ರಕ್ತ ಸೋರೀತು. ಇದನ್ನು ನಿಮ್ಮ ಹೃದ್ರೋಗ ತಜ್ಞರೇ ತೀರ್ಮಾನಿಸಿ ಬರೆದುಕೊಡಬೇಕು. ಪ್ಲಾಸ್ಟಿಕ್ ಸರ್ಜನ್ ಫೋನಿನಲ್ಲಿ ‘ಒಂದು ವಾರ ನಿಲ್ಲಿಸಿ’ ಎಂದರೂ ಆ ಚೀಟಿ ಇಲ್ಲದೆ ನಿಲ್ಲಿಸಬೇಡಿ. ಬ್ರುಫೆನ್‌ನಂಥ ನೋವಿನ ಗುಳಿಗೆ, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲುಗಳೂ ರಕ್ತ ಸೋರಿಸುತ್ತವೆ. ಅವನ್ನು ಎರಡು ವಾರ ಮುಂಚೆ ಬಿಡುವುದು ರೂಢಿ. ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆ.

ಇನ್ನು ತಂಬಾಕು. ಸಿಗರೇಟ್ ಇಲ್ಲ ಎಂದು ಸಮಾಧಾನ ಪಡಬೇಡಿ. ಚರ್ಮವನ್ನು ಕೆಳಗಿನ ಪದರಿನಿಂದ ಬಿಡಿಸಿದಾಗ ಅದು ಬದುಕುವುದು ಅಂಚಿನ ಸಣ್ಣ ಸಣ್ಣ ನಾಳಗಳ ಮೇಲೆ. ಆ ನಾಳಗಳನ್ನು ಮುಚ್ಚುವುದು ನಿಕೋಟಿನ್, ಅದು ಹೊಗೆಯಿಂದ ಬಂದರೂ ಒಂದೇ, ಬಾಯಿಯಿಂದ, ನಶ್ಯದಿಂದ, ಬಿಡಿಸಲೆಂದು ಕೊಡುವ ನಿಕೋಟಿನ್ ಗಮ್‌ನಿಂದ ಬಂದರೂ ಒಂದೇ. ಕಿವಿಯ ಹಿಂದಿನ ಚರ್ಮ ರಕ್ತದ ಮೂಲದಿಂದ ದೂರದಲ್ಲಿರುವುದರಿಂದ ಮೊದಲು ಅಲ್ಲೇ ಕಪ್ಪಾಗಿ ಸಾಯುತ್ತದೆ, ಗಾಯ ತಿಂಗಳುಗಟ್ಟಲೆ ಒಣಗುವುದಿಲ್ಲ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ನಂತರ ಪೂರ್ತಿ ಬಿಡಬೇಕು. ಕೆಲವು ಸರ್ಜನ್‌ಗಳು ಮೂತ್ರ ಪರೀಕ್ಷೆ ಮಾಡಿ ನೋಡಿಯೇ ಮುಂದುವರಿಯುತ್ತಾರೆ, ಅದು ನಿಮ್ಮ ಒಳ್ಳೆಯದಕ್ಕೆ.

ಒಂದು ಕೆಲಸ ಇಂದೇ ಮಾಡಿ. ಬಾಯಿ ಪೂರ್ತಿ ತೆರೆದು, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಿ. ಹೋಗದಿದ್ದರೆ ಅಡಿಕೆ-ತಂಬಾಕಿನಿಂದ ಬಾಯಿ ಒಳಗಿನ ಚರ್ಮ ಗಡುಸಾಗುತ್ತಿದೆ ಎಂದು ಅರ್ಥವಿರಬಹುದು. ಅರಿವಳಿಕೆ ವೈದ್ಯರಿಗೆ ಉಸಿರಾಟದ ಕೊಳವೆ ಹಾಕುವುದು ಅಂಥವರಲ್ಲಿ ಬಹಳ ಕಷ್ಟ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ಕುತ್ತಿಗೆಯ ಯೋಚನೆ ಪಕ್ಕಕ್ಕಿಟ್ಟು ಮೊದಲು ಕ್ಯಾನ್ಸರ್ ತಪಾಸಣೆ ಮಾಡಿಸಿ.

ಸಕ್ಕರೆ ಕಾಯಿಲೆಗೋ ತೂಕ ಇಳಿಸಲೋ ವಾರಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರೂ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಉಪವಾಸವಿದ್ದರೂ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ನಮ್ಮ ಅವ್ವಗೆ 61. ತಮ್ಮನ ಮದುವೆ ಐದು ವಾರಕ್ಕಿದೆ, ಅದರೊಳಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಬೇಕು ಅಂತಾರೆ. ಅದೇ ದಿನ ಊರಿಗೆ ಕರಕೊಂಡು ಬರಬಹುದೇ? ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು? (ಬ್ಯಾಡಗಿ)

ಐದು ವಾರ ಸಾಲದು ತಂಗಿ. ಕಪ್ಪು-ನೀಲಿ ಕಲೆ ಎರಡು-ಮೂರು ವಾರಕ್ಕೆ ಇಳಿಯುತ್ತದೆ ನಿಜ, ಆದರೆ ಬಾವು, ಬಿಗಿತ, ಕಿವಿಯ ಸುತ್ತ ಕೆಂಪು ಗೆರೆ ಉಳಿದಿರುತ್ತವೆ. ಮದುವೆಗೆ ಕನಿಷ್ಠ ಮೂರು ತಿಂಗಳು ಮುಂಚೆ ಮಾಡಿಸಿದರೆ ಸರಿ. ಈ ಸಲ ಮದುವೆ ಮುಗಿಸಿ ಆಮೇಲೆ ಯೋಚಿಸಲಿ. ಬಿಸಿಲಿನ ಏಪ್ರಿಲ್-ಮೇ ತಪ್ಪಿಸಿದರೆ ಇನ್ನೂ ಒಳ್ಳೆಯದು, ನಮ್ಮ ಬಣ್ಣದ ಚರ್ಮದಲ್ಲಿ ಹೊಸ ಗಾಯಕ್ಕೆ ಬಿಸಿಲು ತಾಗಿದರೆ ಕಪ್ಪು ಕಟ್ಟುತ್ತದೆ.

ಅದೇ ದಿನ ಊರಿಗೆ ಬೇಡ. ಮೊದಲ ರಾತ್ರಿ ಆಸ್ಪತ್ರೆಯಲ್ಲಿ, ಎರಡನೆಯದು ಆಸ್ಪತ್ರೆಗೆ ಅರ್ಧ ತಾಸಿನೊಳಗೆ ತಲುಪುವ ಮನೆಯಲ್ಲಿ ಇರಲಿ. ಒಂದೇ ಬದಿ ನೋವು ಏರುತ್ತಿದ್ದರೆ, ಒಂದು ಕೆನ್ನೆ ಗಟ್ಟಿಯಾಗಿ ಉಬ್ಬಿದರೆ, ನುಂಗಲು ಕಷ್ಟವಾದರೆ ಒಳಗೆ ರಕ್ತ ಸೇರುತ್ತಿದೆ ಎಂದೇ ತಿಳಿಯಿರಿ. ಗುಳಿಗೆ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಕೆಲವೇ ತಾಸಿನಲ್ಲಿ ತೆಗೆಯದಿದ್ದರೆ ಮೇಲಿನ ಚರ್ಮ ಸಾಯುತ್ತದೆ. ಎರಡೂ ಬದಿ ಸಮನಾಗಿ ಬಾತರೆ, ನೀಲಿ ಬಣ್ಣ ಕುತ್ತಿಗೆಗೆ, ಎದೆಗೆ ಇಳಿದರೆ ಗಾಬರಿ ಬೇಡ.

ಮನೆಗೆ ಬಂದ ಮೇಲೆ ಎರಡು ವಾರ ಅಂಗಾತ, ತಲೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿ ಮಲಗಲಿ. ದಿಂಬು ತಲೆಗಷ್ಟೇ ಕೊಟ್ಟರೆ ಗದ್ದ ಎದೆಗೆ ಒತ್ತಿ ಕುತ್ತಿಗೆ ಮಡಚುತ್ತದೆ, ಹಾಗಾಗಿ ಬೆನ್ನಿನಿಂದಲೇ ಆಸರೆ ಕೊಡಿ. ತಿರುಗಿ ನೋಡಬೇಕಾದರೆ ಭುಜ ಸಮೇತ ತಿರುಗಲಿ. ಮೊದಲ ವಾರ ಗಂಜಿ, ಮೆತ್ತಗಿನ ಅನ್ನ-ಸಾರು, ಉಪ್ಪಿಟ್ಟು. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬಹುದು, ಕಡಕ್ ರೊಟ್ಟಿ ಬೇಡ. ಮೂರು ವಾರ ಒಲೆ ಮುಂದೆ ಕೂತು ರೊಟ್ಟಿ ತಟ್ಟುವುದು, ಬಗ್ಗಿ ಕಸ ಹೊಡೆಯುವುದು, ಕೊಡ ಎತ್ತುವುದು ಬೇಡವೇ ಬೇಡ. ಶಾಖ, ಬಗ್ಗುವಿಕೆ, ಭಾರ ಮೂರೂ ಮುಖಕ್ಕೆ ರಕ್ತ ನುಗ್ಗಿಸುತ್ತವೆ. ಮೆಣಸಿನಕಾಯಿ ಕೆಲಸವಿದ್ದರೆ ಘಾಟಿಗೆ ಸೀನು-ಕೆಮ್ಮು ಬರುತ್ತದೆ, ಅದರ ಹತ್ತಿರಕ್ಕೂ ಬಿಡಬೇಡಿ.

ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಬಾರದು. ಸರ್ಜನ್ ಅನುಮತಿ ಕೊಟ್ಟ ಮೇಲೆ, ಸಾಮಾನ್ಯವಾಗಿ ಎರಡು-ಮೂರನೆಯ ದಿನ, ಉಗುರುಬೆಚ್ಚಗಿನ ನೀರಿನಲ್ಲಿ ಮಕ್ಕಳ ಶಾಂಪೂ ಹಾಕಿ ತಲೆ ತೊಳೆಯಬಹುದು. ನೀರಿನ ಬಿಸಿ ನೀವೇ ಕೈಯಿಂದ ನೋಡಿ, ಏಕೆಂದರೆ ಅವರ ಕೆನ್ನೆ, ಕಿವಿ ಮರಗಟ್ಟಿರುತ್ತವೆ, ಸುಟ್ಟರೂ ತಿಳಿಯುವುದಿಲ್ಲ. ಐಸ್ ನೇರ ಇಡುವುದೂ ಅಷ್ಟೇ ಅಪಾಯ. ಕಿವಿಯ ಮುಂದಿನ ಹೊಲಿಗೆ ಐದರಿಂದ ಏಳು ದಿನಕ್ಕೆ, ಹಿಂದಿನದು ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಅಂದರೆ ಬ್ಯಾಡಗಿಯಿಂದ ಹುಬ್ಬಳ್ಳಿಗೆ ಎರಡು ಸಲವಾದರೂ ಬರಬೇಕು. ತಲೆಗೆ ಬಣ್ಣ, ಭಾರದ ಝುಮುಕಿ ಆರು ವಾರ ಮುಟ್ಟಬಾರದು.

ಚಿಕ್ಕವಳಿದ್ದಾಗ ತೋಳಿಗೆ ಹಾಕಿದ ಬಿಸಿಜಿ ಲಸಿಕೆಯ ಗುರುತು ಗಂಟಿನ ಹಾಗೆ ಬೆಳೆದಿದೆ. ಮುಖದ ಗಾಯವೂ ಹಾಗೇ ಆದರೆ? (ಸಪ್ತಾಪುರ, ಧಾರವಾಡ)

ಕೇಳಿದ್ದು ಒಳ್ಳೆಯದಾಯಿತು. ಗಾಯದ ಗೆರೆ ಕಪಾಳದ ಮೇಲಿನ ಕೂದಲಿನಲ್ಲಿ ಆರಂಭವಾಗಿ, ಕಿವಿಯ ಮುಂದೆ ಇಳಿದು, ಹಾಲೆಯನ್ನು ಸುತ್ತಿ, ಕಿವಿಯ ಹಿಂದಿನ ಮಡಿಕೆಯಿಂದ ಮತ್ತೆ ಕೂದಲಿಗೆ ಸೇರುತ್ತದೆ. ತೋಳು, ಎದೆ ಗಂಟುಗಾಯ ಏಳಲು ಹೆಚ್ಚು ಒಲವಿರುವ ಜಾಗಗಳು. ಅಲ್ಲಿ ಎದ್ದವರಿಗೆಲ್ಲ ಮುಖದಲ್ಲೂ ಏಳುವುದಿಲ್ಲ. ಕಿವಿ ಚುಚ್ಚಿಸಿದ ಜಾಗ ಹೇಗಿದೆ ನೋಡಿ. ಅಲ್ಲಿಯೂ ಗಂಟಾಗಿದ್ದರೆ ಆಪರೇಷನ್ ಬೇಡ ಎನ್ನುತ್ತೇವೆ, ಏಕೆಂದರೆ ಕತ್ತರಿ ಹೋಗುವುದು ಅದೇ ಜಾಗಕ್ಕೆ. ಅಲ್ಲಿ ನಯವಾಗಿದ್ದರೆ ತೋಳನ್ನೂ ಕಿವಿಯನ್ನೂ ಸರ್ಜನ್‌ಗೆ ತೋರಿಸಿ ಕೇಳಿ. ಗಾಯ ಪೂರ್ತಿ ಮಾಗಿ ಮಾಸಲು ಒಂದು ವರ್ಷ ಬೇಕು.

ನನಗೆ 27. ಸೆಲ್ಫಿಯಲ್ಲಿ ಮುಖ ಇಳಿಬಿದ್ದ ಹಾಗೆ, ಮೂಗು ದೊಡ್ಡದಾಗಿ ಕಾಣುತ್ತದೆ. ಈಗಲೇ ಮಾಡಿಸಿದರೆ ಮುಂದೆ ತೊಂದರೆ ಇರುವುದಿಲ್ಲವೇ? (ಕೇಶ್ವಾಪುರ, ಹುಬ್ಬಳ್ಳಿ)

ಬೇಡ. ಕೈಯಳತೆಯಲ್ಲಿ ಹಿಡಿದ ಫೋನು ಹತ್ತಿರದ ಮೂಗನ್ನು ಹಿಗ್ಗಿಸಿ ಕಿವಿಯ ಕಡೆಯನ್ನು ಕುಗ್ಗಿಸಿ ತೋರಿಸುತ್ತದೆ. ಐದಾರು ಅಡಿ ದೂರದಿಂದ ಬೇರೆಯವರಿಂದ ಫೋಟೊ ತೆಗೆಸಿ ನೋಡಿ. ದಿನಕ್ಕೆ ತಾಸುಗಟ್ಟಲೆ ಕನ್ನಡಿ ನೋಡುವುದು, ಮುಖ ತೋರಿಸಲು ಅಂಜಿ ಹೊರಗೆ ಹೋಗುವುದನ್ನೇ ಬಿಡುವುದು ಆಗುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮನೋವೈದ್ಯರನ್ನು ಕಾಣಿ. ಅಂಥ ಸಂಕಟ ಕತ್ತರಿಯಿಂದ ಹೋಗುವುದಿಲ್ಲ, ಆಪರೇಷನ್ ಆದ ಮೇಲೆ ಇನ್ನಷ್ಟು ಹೆಚ್ಚಾಗುವುದೇ ಹೆಚ್ಚು.

ಇಲ್ಲಿಯ ಒಂದು ಕ್ಲಿನಿಕ್‌ನವರು ‘ಬೆಂಗಳೂರಿನಿಂದ ಡಾಕ್ಟರ್ ಭಾನುವಾರ ಬಂದು ಮಾಡಿ ಸಂಜೆಗೆ ಹೋಗುತ್ತಾರೆ, ರೇಟು ಕಡಿಮೆ’ ಎನ್ನುತ್ತಾರೆ. ಏನೇನು ವಿಚಾರಿಸಬೇಕು? ವಿಮೆ ಬರುತ್ತದೆಯೇ? (ಹಾವೇರಿ)

ಮೊದಲ ಪ್ರಶ್ನೆ: ಭಾನುವಾರ ರಾತ್ರಿ ಒಂದು ಗಂಟೆಗೆ ಕೆನ್ನೆ ಉಬ್ಬಿದರೆ ಹೊಲಿಗೆ ಬಿಚ್ಚಿ ರಕ್ತ ತೆಗೆಯುವವರು ಯಾರು? ಹೆಸರು ಹೇಳಲಿ, ಅವರು ಊರಿನಲ್ಲೇ ಇರುತ್ತಾರೆಂದು ಬರೆದುಕೊಡಲಿ. ಆಗದಿದ್ದರೆ ಎಷ್ಟು ಕಡಿಮೆ ಹೇಳಿದರೂ ಅಲ್ಲಿ ಮಾಡಿಸಬೇಡಿ.

ಎರಡನೆಯದು ಓದು. ಎಂಬಿಬಿಎಸ್ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಇರಬೇಕು. ಮುಖದ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪ್ರತ್ಯೇಕ ತರಬೇತಿ ಪಡೆದ ಕೆಲ ಕಿವಿ-ಮೂಗು-ಗಂಟಲು ತಜ್ಞರೂ ಮಾಡುತ್ತಾರೆ, ಅವರು ಎಲ್ಲಿ, ಎಷ್ಟು ದಿನ ಕಲಿತರು ಎಂದು ಕೇಳಿ. ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡು ಸರ್ಜನ್ ಎಂಬುದಕ್ಕೆ ಪುರಾವೆಯಲ್ಲ. ನೋಂದಣಿ ಸಂಖ್ಯೆ ಪಡೆದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಿ. ಕ್ಲಿನಿಕ್ಕಿಗೂ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇರಬೇಕು, ದರಪಟ್ಟಿ ಕಾಣುವಂತೆ ಹಾಕಿರಬೇಕು. ಅರಿವಳಿಕೆ ವೈದ್ಯರು ಪೂರ್ತಿ ಹೊತ್ತು ಇರುತ್ತಾರೆಯೇ, ಆಮ್ಲಜನಕ, ರಕ್ತ, ಐಸಿಯು ಎಷ್ಟು ದೂರ, ಇವನ್ನೂ ಕೇಳಿ. ಹಿಂದಿನ ರೋಗಿಗಳ ಫೋಟೊ ತೋರಿಸಿದರೆ ಎರಡೂ ಒಂದೇ ಬೆಳಕಿನಲ್ಲಿ, ಗದ್ದ ಒಂದೇ ಮಟ್ಟದಲ್ಲಿದೆಯೇ ನೋಡಿ. ಗದ್ದ ಸ್ವಲ್ಪ ಎತ್ತಿದರೂ ಕುತ್ತಿಗೆ ಬಿಗಿಯಾಗಿ ಕಾಣುತ್ತದೆ. ಆರು ತಿಂಗಳ ನಂತರದ ಫೋಟೊ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕೆಂದು ಹಟ ಹಿಡಿಯಿರಿ, ಅದರಲ್ಲಿ ಮುಖದ ನರಕ್ಕೆ ಪೆಟ್ಟಾಗುವ ಸಾಧ್ಯತೆ ಬರೆದಿರಬೇಕು. ಕಿವಿಯ ಹಾಲೆಗೆ ಹೋಗುವ ಸ್ಪರ್ಶದ ನರಕ್ಕೆ ಪೆಟ್ಟಾಗುವುದು ಹೆಚ್ಚು, ಆಗ ಓಲೆ ಹಾಕಿದ್ದೂ ತಿಳಿಯದು. ತುಟಿ, ಹುಬ್ಬು ಆಡಿಸುವ ನರ ಶಾಶ್ವತವಾಗಿ ಹೋಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆಯಾಗಲಿ, ಆಯುಷ್ಮಾನ್ ಕಾರ್ಡಾಗಲಿ ಬರುವುದಿಲ್ಲ. ಜತೆಗೆ 18% ಜಿಎಸ್‌ಟಿ ಇದೆ: ಎರಡು ಲಕ್ಷದ ಬಿಲ್ಲಿಗೆ 36,000 ರೂಪಾಯಿ. ಹೇಳಿದ ಮೊತ್ತದಲ್ಲಿ ಅರಿವಳಿಕೆ, ಔಷಧ, ರೂಮು, ತೆರಿಗೆ, ಮತ್ತು ರಕ್ತ ತೆಗೆಯಲು ಮತ್ತೆ ಥಿಯೇಟರಿಗೆ ಒಯ್ದರೆ ಅದರ ಖರ್ಚು ಸೇರಿದೆಯೇ ಎಂದು ಕೇಳಿ, ಮುಂಗಡ ಕೊಡುವ ಮುನ್ನ ಬರೆಸಿಕೊಳ್ಳಿ.