ಓದುಗರ ಪ್ರಶ್ನೆ: ದೋರ್ದೋನ್ಯ, ಲೊಟ್ ಕಣಿವೆಗಳಲ್ಲಿ ಸೈಕಲ್ ಸವಾರಿ

ಹೋದ ಸಂಚಿಕೆಯಲ್ಲಿ ಫ್ರಾನ್ಸ್‌ನ ನೈಋತ್ಯ ಭಾಗದ ದೋರ್ದೋನ್ಯ ನದಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿದವರಿಂದ ಸಾಕಷ್ಟು ಪತ್ರ ಬಂದಿವೆ. ಹೆಚ್ಚಿನವು ರೋಡ್ ಬೈಕ್, ಅಂದರೆ ತೆಳು ಟೈರಿನ ಹಗುರ ಸೈಕಲ್ ತಗೊಂಡು ಹೋಗುವವರವು. ಈ ಸಲ ಅವಕ್ಕೇ ಉತ್ತರ.

ಪ್ರಶ್ನೆ: ನಾವು ಮೂವರು ಗೆಳೆಯರು ಸಾರ್ಲಾ ಊರಿಂದ ಹೊರಟು ದಕ್ಷಿಣಕ್ಕೆ ಲೊಟ್ ನದಿಯವರೆಗೆ ಹೋಗಿ ವಾಪಸ್ ಬರಬೇಕು ಅಂತಿದ್ದೇವೆ. ದಿನಕ್ಕೆ 100 ಕಿ.ಮೀ. ಲೆಕ್ಕ. ನದಿ ಸೀಮೆ ಅಂದ ಮೇಲೆ ಸಪಾಟು ದಾರಿ ಅಲ್ವಾ?

ಅಲ್ಲ. ಈ ತಪ್ಪು ಲೆಕ್ಕ ತುಂಬಾ ಜನ ಹಾಕ್ತಾರೆ, ಅದಕ್ಕೇ ಮೊದಲು ಇದನ್ನೇ ಹೇಳಿಬಿಡುತ್ತೇನೆ. ಅಲ್ಲಿ ನೆಲವೆಲ್ಲ ಸುಣ್ಣದ ಕಲ್ಲು. ದೋರ್ದೋನ್ಯ ನದಿ ಮಾಸಿಫ್ ಸೆಂಟ್ರಲ್ ಬೆಟ್ಟಗಳ ಪುಯ್ ದ ಸಾನ್ಸಿ ಶಿಖರದ ಹತ್ತಿರ ಹುಟ್ಟಿ, ಸುಮಾರು 480 ಕಿ.ಮೀ. ಪಶ್ಚಿಮಕ್ಕೆ ಹರಿದು ಬೋರ್ಡೋ ಹತ್ತಿರ ಗರೋನ್ ನದಿಯನ್ನು ಸೇರುತ್ತೆ. ಲೊಟ್ ಕೂಡ ಹೆಚ್ಚುಕಡಿಮೆ ಅದೇ ದಿಕ್ಕು. ಎರಡೂ ನದಿಗಳು ಆ ಕಲ್ಲನ್ನು ಆಳವಾಗಿ ಕೊರೆದುಕೊಂಡು ಹೋಗಿವೆ. ಹಾಗಾಗಿ ನೀವು ನದಿ ಜೊತೆಗೇ ಪೂರ್ವ–ಪಶ್ಚಿಮವಾಗಿ ಹೋದರೆ ದಾರಿ ಸಲೀಸು. ಉತ್ತರ–ದಕ್ಷಿಣ ಹೊರಟಿರೋ, ಒಂದು ಕಣಿವೆಯಿಂದ ಹತ್ತಿ ಮೇಲಿನ ಬಯಲಿಗೆ ಬಂದು ಇನ್ನೊಂದು ಕಣಿವೆಗೆ ಇಳಿಯಬೇಕು. ಅಲ್ಲಿಂದ ಮತ್ತೆ ಹತ್ತಬೇಕು.

ಒಂದೊಂದು ಏರು ದೊಡ್ಡದೇನಲ್ಲ, 100ರಿಂದ 200 ಮೀಟರ್ ಎತ್ತರ ಅಷ್ಟೇ. ಆದರೆ ದಿನಕ್ಕೆ ಐದಾರು ಬಂದರೆ ಕಾಲು ಸೋತು ಹೋಗುತ್ತೆ. ಅದಕ್ಕೇ ನಾನು ಕಿಲೋಮೀಟರ್ ಲೆಕ್ಕ ಬಿಟ್ಟು, ಇವತ್ತು ಎಷ್ಟು ಕಣಿವೆ ಬದಲಾಯಿಸ್ತೀನಿ ಅಂತ ಎಣಿಸುತ್ತೇನೆ. ಒಂದೇ ಕಣಿವೆಯಲ್ಲಿ ಇರುವ ದಿನ 100 ಕಿ.ಮೀ. ಧಾರಾಳವಾಗಿ ಆಗುತ್ತೆ. ಮೂರು ಸಲ ಹತ್ತಿ ಇಳಿಯುವ ದಿನ 60 ಸಾಕು. ನಿಮ್ಮ ಯೋಜನೆಯಲ್ಲಿ ಎಲ್ಲಾ ದಿನವೂ ಉತ್ತರ–ದಕ್ಷಿಣವೇ ಇದೆ. ಸಾರ್ಲಾದಲ್ಲಿ ಎರಡು ದಿನ ಉಳಿದು, ಆಮೇಲೆ ರೈಲಿನಲ್ಲಿ ಕಾಓರ್ ಊರಿಗೆ ಹೋಗಿ ಅಲ್ಲಿಂದ ಲೊಟ್ ನೋಡಿ. ಕಾಓರ್ ಪ್ಯಾರಿಸ್–ತುಲೂಸ್ ರೈಲು ಮಾರ್ಗದಲ್ಲೇ ಇದೆ. ಸಾರ್ಲಾಗೆ ಹತ್ತಿರದಲ್ಲಿ ಆ ಮಾರ್ಗದ ನಿಲ್ದಾಣ ಸುಯಾಕ್.

ಗೇರ್ ಬಗ್ಗೆಯೂ ಕೇಳಿದ್ದೀರಿ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 32 ಅಥವಾ 34 ಇದ್ದರೆ ಆರಾಮ. ಟೈರು 28 ಮಿ.ಮೀ.ಗಿಂತ ಸಣ್ಣದು ಬೇಡ.

ಪ್ರಶ್ನೆ: ಒಂದೇ ದಿನ ಸಿಗೋದು. ದೋರ್ದೋನ್ಯದ ಕೋಟೆಗಳೆಲ್ಲ ನೋಡೋ ಹಾಗೆ ಒಂದು ದಾರಿ ಹೇಳಿ. ಹೆಂಡತಿಯೂ ಜೊತೆಗಿರ್ತಾಳೆ, ಅವಳಿಗೆ ವಾಹನಗಳ ಭಯ.

ಇದು ನನಗೆ ಬಹಳ ಇಷ್ಟದ ದಾರಿ, ಒಟ್ಟು 45ರಿಂದ 50 ಕಿ.ಮೀ. ಸಾರ್ಲಾದಿಂದ ದಕ್ಷಿಣಕ್ಕೆ ಹಳೇ ರೈಲು ಹಳಿ ಇದ್ದ ಜಾಗದಲ್ಲಿ ಸೈಕಲ್ ದಾರಿ ಮಾಡಿದ್ದಾರೆ, ಅದಕ್ಕೆ ಅಲ್ಲಿ ವೋಯ್ ವೆರ್ತ್ ಅಂತಾರೆ, ಅಂದರೆ ಹಸಿರು ದಾರಿ. ಕಾರು ಬರಲ್ಲ. ರೈಲು ಓಡಾಡಿದ ದಾರಿ ಅಲ್ವಾ, ಕಡಿದಾದ ಏರೂ ಇಲ್ಲ. ಕಾರ್ಸಾಕ್ ದಾಟಿ ಗ್ರೋಲೆಜಾಕ್‌ವರೆಗೆ ಹೋಗಿ. ಅಲ್ಲಿಗೆ ನೀವು ನದಿಯ ದಕ್ಷಿಣ ದಂಡೆಗೆ ಬಂದಿರ್ತೀರಿ. ಅಲ್ಲಿಂದ ಸಣ್ಣ ರಸ್ತೆಗಳಲ್ಲಿ ದೋಮ್ ಕಡೆಗೆ.

ದೋಮ್ ಬಂಡೆಯ ತುದಿಯಲ್ಲಿರುವ ಊರು. 1281ರಲ್ಲಿ ಫ್ರಾನ್ಸ್ ರಾಜ ಕಟ್ಟಿಸಿದ್ದು, ಸುತ್ತಲೂ ಕೋಟೆ ಗೋಡೆ. ಹತ್ತುವಾಗ ಮಾತಾಡೋಕೆ ಉಸಿರು ಸಾಲದು. ಆದರೆ ಮೇಲೆ ನಿಂತು ಕೆಳಗೆ ನೋಡಿದರೆ ನದಿ, ಆಕ್ರೋಟ್ ತೋಟಗಳು, ಮೆಕ್ಕೆಜೋಳದ ಹೊಲಗಳು ಎಲ್ಲ ಒಟ್ಟಿಗೇ ಕಾಣುತ್ತವೆ. ಅಲ್ಲಿ ಅರ್ಧ ಗಂಟೆ ಕೂರದೆ ಬರಬೇಡಿ. ಆಮೇಲೆ ಸೆನಾಕ್‌ಗೆ ಇಳಿದು, ದಕ್ಷಿಣ ದಂಡೆಯ ಕಡೆಯಲ್ಲೇ ಸ್ಯಾಂ ಸಿಬ್ರಾನೆ ಮೂಲಕ ಕಾಸ್ಟೆಲ್ನೋ ಕೋಟೆಗೆ. ನೂರು ವರ್ಷಗಳ ಯುದ್ಧದಲ್ಲಿ ಈ ಕೋಟೆ ಬಹುಕಾಲ ಇಂಗ್ಲಿಷರ ಕಡೆಗಿತ್ತು, ಎದುರು ದಂಡೆಯ ಬೇನಾಕ್ ಕೋಟೆ ಫ್ರೆಂಚರ ಕಡೆಗೆ. ಎರಡೂ ಒಂದನ್ನೊಂದು ನೋಡ್ತಾ ಇವತ್ತಿಗೂ ನಿಂತಿವೆ.

ಸಾರ್ಲಾಗೆ ವಾಪಸ್ ಬರುವಾಗ ಕಾಸ್ಟೆಲ್ನೋ ಸೇತುವೆ ದಾಟಿದ ಮೇಲೆ ಮಾತ್ರ ಹುಷಾರು. ಉತ್ತರ ದಂಡೆಯ ಡಿ 703 ರಸ್ತೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಕಾರು, ಬಸ್ಸು, ದೋಣಿ ಎಳೆಯುವ ಗಾಡಿಗಳು ಸಾಲುಗಟ್ಟಿರ್ತವೆ. ಆ ರಸ್ತೆಯಲ್ಲೇ ಇರುವ, ಬಂಡೆಗೆ ಅಂಟಿಕೊಂಡ ಹಾಗಿರುವ ಲಾ ರೋಕ್ ಗಜಾಕ್ ಊರು ಚೆಂದ, ಆದರೆ ಅದನ್ನು ಬೆಳಗ್ಗೆ ಎಂಟರೊಳಗೆ ನೋಡಬೇಕು. ಯಜಮಾನರೇ, ನಿಮ್ಮ ಮನೆಯವರಿಗೆ ವಾಹನದ ಭಯ ಇದ್ದರೆ ಮೇ, ಜೂನ್ ಅಥವಾ ಸೆಪ್ಟೆಂಬರ್‌ನಲ್ಲೇ ಹೋಗಿ. ಆಗ ರಸ್ತೆ ಎಷ್ಟೋ ಖಾಲಿ, ಬಿಸಿಲೂ ಹದವಾಗಿರುತ್ತೆ.

ಪ್ರಶ್ನೆ: ವಾಹನ ಕಡಿಮೆ ಇರೋ ರಸ್ತೆ ಹುಡುಕೋದು ಹೇಗೆ? ಫೋನಿನ ಆ್ಯಪ್ ನನ್ನನ್ನು ಒಮ್ಮೆ ಹೆದ್ದಾರಿಗೆ, ಒಮ್ಮೆ ಮಣ್ಣಿನ ದಾರಿಗೆ ತಂದು ಬಿಡ್ತು.

ಮಿಶಲಿನ್ ಕಂಪನಿಯ ಕಾಗದದ ನಕ್ಷೆ ಒಂದು ಜೊತೆಗಿಟ್ಟುಕೊಳ್ಳಿ. ಕೆಂಪು ರಸ್ತೆ ಬೇಡ. ಹಳದಿ ಪರವಾಗಿಲ್ಲ. ಬಿಳಿ ಬಣ್ಣದ್ದು ನಿಮ್ಮ ರಸ್ತೆ: ಟಾರು ಹಾಕಿರುವ, ಗಂಟೆಗೆ ನಾಲ್ಕು ಕಾರು ಬಂದರೆ ಹೆಚ್ಚು ಅನ್ನುವಂಥ ಹಳ್ಳಿ ರಸ್ತೆಗಳು. ಪಕ್ಕದಲ್ಲಿ ಹಸಿರು ಗೆರೆ ಇದ್ದರೆ ನೋಟ ಚೆನ್ನಾಗಿದೆ ಅಂತ ಅರ್ಥ. ರಸ್ತೆ ಮೇಲೆ ಬಾಣದ ತಲೆಯ ಗುರುತು ಇರ್ತವೆ, ಅವು ಏರಿನ ಕಡೆ ಮುಖ ಮಾಡಿರ್ತವೆ. ಒಂದು ಇದ್ದರೆ 5ರಿಂದ 9 ಶೇಕಡಾ, ಎರಡಕ್ಕೆ 9ರಿಂದ 13, ಮೂರಿದ್ದರೆ 13ಕ್ಕಿಂತ ಕಡಿದು. ಇನ್ನೊಂದು ಮಾತು: ನದಿಯ ಎರಡೂ ದಂಡೆಗೆ ರಸ್ತೆ ಇದ್ದಾಗ ಒಂದು ದೊಡ್ಡದಾಗಿರುತ್ತೆ, ಇನ್ನೊಂದು ಸಣ್ಣದು. ಸಣ್ಣದನ್ನು ಹಿಡಿಯಿರಿ, ಸ್ವಲ್ಪ ಸುತ್ತಾದರೂ ಸರಿ.

ಈ ಸಣ್ಣ ರಸ್ತೆಗಳಲ್ಲಿ ಎರಡು ಅಪಾಯ ಇವೆ. ಒಂದು, ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು ಅನ್ನೋ ನಿಯಮ. ಫಲಕ ಏನೂ ಇಲ್ಲದ ಕೂಡುದಾರಿಯಲ್ಲಿ ಬಲಗಡೆಯ ಪುಟ್ಟ ಓಣಿಯಿಂದ ಬರುವ ಟ್ರ್ಯಾಕ್ಟರಿಗೂ ನೀವು ನಿಂತು ದಾರಿ ಬಿಡಬೇಕು. ಎರಡನೆಯದು ‘ಗ್ರವಿಯೋಂ’ ಅನ್ನುವ ಫಲಕ. ಬೇಸಿಗೆಯಲ್ಲಿ ಟಾರು ಸುರಿದು ಮೇಲೆ ಸಣ್ಣ ಜಲ್ಲಿ ಹರಡಿ, ವಾಹನಗಳೇ ಅದನ್ನು ಒತ್ತಲಿ ಅಂತ ಬಿಡ್ತಾರೆ. ಇಳಿಜಾರಿನ ತಿರುವಿನಲ್ಲಿ ನನ್ನ ಮುಂದಿನ ಚಕ್ರ ಹಾಗೇ ಜಾರಿ ಮೊಣಕೈ ತರಚಿತು, ವಾರ ಪೂರ್ತಿ ಬ್ಯಾಂಡೇಜ್ ಕಟ್ಟಿಕೊಂಡೇ ಸವಾರಿ ಮಾಡಿದೆ. ಆ ಫಲಕ ಕಂಡರೆ ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ.

ಪ್ರಶ್ನೆ: ಲೊಟ್ ಕಣಿವೆಗೆ ಎರಡು ದಿನ ಇದೆ. ಹೋದ ದಾರಿಯಲ್ಲೇ ವಾಪಸ್ ಬರೋದು ಬೇಡ.

ಹೋಗುವಾಗ ಸೆಲೆ, ಬರುವಾಗ ಲೊಟ್. ಸೆಲೆ ಅನ್ನೋದು ಲೊಟ್‌ಗೆ ಸೇರುವ ಉಪನದಿ. ಹೆಸರು ಕೇಳಿದಾಗ ಕನ್ನಡದ ಪದವೇ ಅನ್ನಿಸಿ ನನಗೆ ಖುಷಿಯಾಗಿತ್ತು, ನೀರೂ ಸೆಲೆಯ ಹಾಗೇ ತಿಳಿ. ಕಾಓರ್‌ನಲ್ಲಿ 14ನೇ ಶತಮಾನದ ವಾಲೆಂಟ್ರೆ ಸೇತುವೆ ನೋಡಿಕೊಂಡು ಪೂರ್ವಕ್ಕೆ ಹೊರಡಿ. ಬೂಜಿಯೆಸ್ ಹತ್ತಿರ ದೋಣಿ ಎಳೆಯೋಕೆ ಅಂತ ಬಂಡೆಯ ಬುಡದಲ್ಲೇ ಕೊರೆದ ಕಾಲುದಾರಿ ಇದೆ. ಅಲ್ಲಿ ರೋಡ್ ಬೈಕ್ ತುಳಿಯೋಕಾಗಲ್ಲ, ಇಳಿದು ಸ್ವಲ್ಪ ದೂರ ನಡೆದು ಬನ್ನಿ. ಅದಾದ ಮೇಲೆ ಡಿ 41 ರಸ್ತೆ ಹಿಡಿದು ಕಾಬ್ರೆರೆ, ಮಾರ್ಸಿಯಾಕ್ ಊರುಗಳ ಮೂಲಕ ಫಿಜಾಕ್‌ಗೆ. ಕಾಬ್ರೆರೆ ಮೇಲಿನ ಪೆಶ್ ಮೆರ್ಲ್ ಗುಹೆಯಲ್ಲಿ ಆದಿಮಾನವರು ಬರೆದ ಚುಕ್ಕೆ ಕುದುರೆಗಳ ಚಿತ್ರ ಇದೆ, ನಕಲಲ್ಲ, ಅಸಲಿ. ಇಂಥದ್ದೇ ಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆಯನ್ನು 1963ರಲ್ಲೇ ಮುಚ್ಚಿದ್ದರಿಂದ ಅಲ್ಲಿ ಈಗ ನಕಲು ಮಾತ್ರ ನೋಡೋಕೆ ಸಿಗೋದು. ಪೆಶ್ ಮೆರ್ಲ್‌ನಲ್ಲಿ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮುಂಚೆಯೇ ಟಿಕೆಟ್ ಮಾಡಿಸಿ.

ರಾತ್ರಿ ಫಿಜಾಕ್‌ನಲ್ಲಿ ತಂಗಿ. ಈಜಿಪ್ಟಿನ ಚಿತ್ರಲಿಪಿ ಓದಿದ ಶಾಂಪೋಲಿಯೋಂ 1790ರಲ್ಲಿ ಹುಟ್ಟಿದ ಊರು ಅದು. ಮಾರನೆ ದಿನ ಕಜಾರ್ಕ್ ಮೂಲಕ ಲೊಟ್ ಗುಂಟ ವಾಪಸ್. ನಡುವೆ ಸ್ಯಾಂ ಸೀರ್ ಲಾಪೊಪೀ ಊರಿಗೆ ಒಂದು ಏರು ಹತ್ತಿ ನೋಡಿ, ಅದು ನದಿಯಿಂದ ಸುಮಾರು 100 ಮೀಟರ್ ಮೇಲೆ. ಎರಡು ದಿನಕ್ಕೆ ಹೆಚ್ಚುಕಡಿಮೆ 150 ಕಿ.ಮೀ. ಆಗುತ್ತೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ದಾರಿಯಲ್ಲಿ ಊಟ, ನೀರು ಸಿಗುತ್ತಾ?

ಹೊತ್ತು ನೋಡಿಕೊಂಡರೆ ಸಿಗುತ್ತೆ. ಹಳ್ಳಿಗಳಲ್ಲಿ ಊಟ ಬಡಿಸೋದು ಮಧ್ಯಾಹ್ನ 12ರಿಂದ 2ರವರೆಗೆ ಮಾತ್ರ, ಅದೇ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕ್ತವೆ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಎಷ್ಟೋ ಊರಲ್ಲಿ ಬೇಕರಿ ಕೂಡ ಇರಲ್ಲ. ಕಣಿವೆಗಳ ನಡುವಿನ ಬಯಲಿಗೆ ‘ಕೋಸ್’ ಅಂತಾರೆ. ಅಲ್ಲಿ ಮಳೆ ನೀರೆಲ್ಲ ಸುಣ್ಣದ ಕಲ್ಲಿನ ಬಿರುಕಲ್ಲಿ ಇಳಿದು ಹೋಗೋದರಿಂದ ಹಳ್ಳ, ಕೆರೆ ಏನೂ ಕಾಣಲ್ಲ. ಒಂದು ಸೋಮವಾರ ಅಲ್ಲಿ ನನ್ನ ಎರಡೂ ಬಾಟಲಿ ಖಾಲಿಯಾಗಿ, ಕೊನೆಗೆ ಸ್ಮಶಾನದ ನಲ್ಲಿಯಲ್ಲಿ ನೀರು ತುಂಬಿಕೊಂಡೆ. ಹೂಗಿಡಗಳಿಗೆ ಅಂತ ಬಹಳಷ್ಟು ಊರಿನ ಸ್ಮಶಾನದಲ್ಲಿ ನಲ್ಲಿ ಇರುತ್ತೆ. ‘ಓ ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಊಟದ ವಿಷಯಕ್ಕೆ ಬಂದರೆ, ಅದು ಬಾತುಕೋಳಿಯ ಸೀಮೆ. ಸಾರ್ಲಾದ ಹೆಸರಿನ ಆಲೂಗಡ್ಡೆ ಪಲ್ಯವನ್ನು ಕೂಡ ಬಾತುಕೋಳಿ ಕೊಬ್ಬಿನಲ್ಲೇ ಹುರೀತಾರೆ, ಕೇಳದೆ ತರಿಸಬೇಡಿ. ‘ಸಾನ್ ವಿಯಾಂದ್’ ಅಂದರೆ ಮಾಂಸ ಬೇಡ ಅಂತ. ಕೊಬ್ಬಿನ ಬಗ್ಗೆ ಬೇರೆಯಾಗಿ ಕೇಳಿ. ಬ್ರೆಡ್ಡು, ಟೊಮೆಟೊ, ಆಕ್ರೋಟ್, ರೊಕಮಡೂರ್‌ನ ಮೇಕೆ ಹಾಲಿನ ಪುಟ್ಟ ಚೀಸ್ ಇಟ್ಟುಕೊಂಡರೆ ನದಿ ದಂಡೆಯಲ್ಲೇ ಒಳ್ಳೇ ಊಟ. ಒಂದು ವಿಷಯ ನೆನಪಿರಲಿ, ಸಾಂಪ್ರದಾಯಿಕ ಚೀಸ್‌ಗಳನ್ನು ಹೆಚ್ಚಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸ್ತಾರೆ. ಅದು ಬೇಡ ಅನ್ನುವವರು ಚೀಸ್ ಬಿಟ್ಟುಬಿಡಿ.

ಪ್ರಶ್ನೆ: ಟೂರ್ ಡಿ ಫ್ರಾನ್ಸ್ ನಡೆದ ರಸ್ತೆಯಲ್ಲಿ ಓಡಿಸಬೇಕು ಅಂತ ಆಸೆ.

ಓಡಿಸಿ! ಎಲ್ಲವೂ ಸಾರ್ವಜನಿಕ ರಸ್ತೆಗಳೇ. 2022ರಲ್ಲಿ ಲಾಕಾಪೆಲ್ ಮರಿವಾಲ್‌ನಿಂದ ರೊಕಮಡೂರ್‌ವರೆಗೆ 40.7 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ) ನಡೆದಿತ್ತು, ವೌಟ್ ವಾನ್ ಆರ್ಟ್ ಗೆದ್ದರು. ಕೊನೆಯ ಚುರುಕಾದ ಏರು ಹತ್ತುವಾಗ ಎದುರುಗಡೆ ಬಂಡೆಗೆ ಕಟ್ಟಿದ ದೇವಾಲಯಗಳು ಕಾಣುತ್ತವೆ. ಸಂಜೆ ಬೆಳಕಲ್ಲಿ ಹೋಗಿ.

ಪ್ರಶ್ನೆ: ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ತೀನಿ. ಏನು ನೋಡ್ಕೋಬೇಕು?

ಮೊದಲು ಬ್ರೇಕ್. ಅಲ್ಲಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈ ಬ್ರೇಕ್ ಮುಂದಿನ ಚಕ್ರಕ್ಕೆ ಇರುತ್ತೆ. ಅಂಗಡಿ ಮುಂದೆಯೇ ಎರಡು ಸುತ್ತು ಹಾಕಿ ಕೈಗೆ ರೂಢಿ ಮಾಡಿಕೊಳ್ಳಿ. ಗಂಟೆ ಇರಲೇಬೇಕು, ಅದು ಕಾನೂನು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಿಸೋದು ನಿಷಿದ್ಧ. ಊರ ಹೊರಗೆ ಕತ್ತಲಾದ ಮೇಲೆ ಓಡಿಸುವುದಾದರೆ ಹೊಳೆಯುವ ಜಾಕೆಟ್ ಕಡ್ಡಾಯ, ದೀಪವೂ ಬೇಕು. ಹೆಲ್ಮೆಟ್ 12 ವರ್ಷದೊಳಗಿನ ಮಕ್ಕಳಿಗಷ್ಟೇ ಕಡ್ಡಾಯ, ಆದರೂ ದಯವಿಟ್ಟು ಹಾಕಿಕೊಳ್ಳಿ. ತುರ್ತಿಗೆ 112.