ರೇಡಿಯೋ ಆ್ಯಪ್‌ಗೆ ಅಪ್ಪನ ಫೋನ್ ನಂಬರ್ ಕೊಡಬಹುದಾ?

ನಿಮ್ಮ ಪ್ರಶ್ನೆ ಇದು: ಅಪ್ಪನಿಗೆ 74 ವರ್ಷ, ಊರು ಬಿಟ್ಟು ಬೆಂಗಳೂರಿಗೆ ನಿಮ್ಮ ಜೊತೆ ಇರಲು ಬಂದಿದ್ದಾರೆ. ಆಕಾಶವಾಣಿ, ಚಂದನ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ಫೋನಿಗೆ ರೇಡಿಯೋ ಆ್ಯಪ್ ಹಾಕಿಕೊಡಲು ಹೋದರೆ ಹೆಸರು, ನಂಬರ್, ಲೊಕೇಶನ್ ಕೇಳುತ್ತಿದೆ. ‘ಸಾರ್ವಜನಿಕ ಸಂಸ್ಥೆ ತಾನೇ, ಕೊಟ್ಟರೆ ತೊಂದರೆ ಇಲ್ಲ ಅಲ್ವಾ? ನಮ್ಮ ಮಾಹಿತಿಯನ್ನು ಇಂಥ ಸಂಸ್ಥೆಗಳು ಹೇಗೆ ಕಾಪಾಡುತ್ತವೆ?’

ನಾನು ಇದೇ ಊರಿನಲ್ಲಿ ಹನ್ನೊಂದು ವರ್ಷದಿಂದ ಆ್ಯಪ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಮನೆಯಲ್ಲಿ ಬೆಳಗ್ಗೆ ರೇಡಿಯೋ ಹಾಕದೆ ಕಾಫಿ ಆಗುವುದಿಲ್ಲ. ಎರಡೂ ಕಡೆಯಿಂದ ನೋಡಿದವನಾಗಿ ಹೇಳುತ್ತೇನೆ: ನಂಬರ್ ಇಲ್ಲದೆಯೂ ಕೇಳಲು ಆಗುತ್ತದೆ ಅಂದರೆ ಕೊಡಬೇಡಿ. ಸಂಸ್ಥೆ ಕೆಟ್ಟದು ಅಂತಲ್ಲ. ಅವರ ಹತ್ತಿರ ಇಲ್ಲದ ನಂಬರ್ ಅವರಿಂದ ಸೋರುವುದಿಲ್ಲ, ಅದಕ್ಕೆ.

ಮೊದಲು ಹಳೆಯ ರೇಡಿಯೋ ಬಗ್ಗೆ ಸ್ವಲ್ಪ. ನಮ್ಮ ತಾತನ ಟ್ರಂಕಿನಲ್ಲಿ ಒಂದು ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕಿತ್ತು. ಅಂಗೈಯಷ್ಟು ಅಗಲ. ಒಳಗೆ ತಾತನ ಹೆಸರು, ವಿಳಾಸ, ಅಂಚೆ ಕಚೇರಿಯ ಮೊಹರು. ಆಗ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಅಂದರೆ ಯಾರ ಮನೆಯಲ್ಲಿ ರೇಡಿಯೋ ಇದೆ ಅನ್ನುವುದು ಆಗಲೂ ಸರ್ಕಾರಕ್ಕೆ ಗೊತ್ತಿತ್ತು. ಆದರೆ ತಾತ ರಾತ್ರಿ ಯಾವ ಸ್ಟೇಷನ್ ತಿರುಗಿಸಿದರು, ಯಾವ ಸುದ್ದಿ ಬಂದಾಗ ಸೌಂಡ್ ಜಾಸ್ತಿ ಮಾಡಿದರು ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲೆ ಟವರ್‌ನಿಂದ ಮನೆಗೆ ಬರುತ್ತದೆ, ಮನೆಯಿಂದ ವಾಪಸ್ ಏನೂ ಹೋಗುವುದಿಲ್ಲ. ಡಿಡಿ ಫ್ರೀ ಡಿಶ್ ಕೂಡ ಹಾಗೇ. ತಿಂಗಳ ಬಾಡಿಗೆ ಇಲ್ಲ, ಚಂದಾದಾರರ ಪಟ್ಟಿ ಬೇಕಿಲ್ಲ. ಪೆಟ್ಟಿಗೆ, ಡಿಶ್ ತಂದು ಚಂದನ ನೋಡಿದರೆ, ನೋಡಿದ್ದು ನಿಮಗೆ ಮಾತ್ರ ಗೊತ್ತು.

ಆ್ಯಪ್‌ನಲ್ಲಿ ಇದು ಪೂರ್ತಿ ಉಲ್ಟಾ. ಇಂಟರ್‌ನೆಟ್‌ನಲ್ಲಿ ಧ್ವನಿ ಬರಬೇಕಾದರೆ ಫೋನ್ ಮೊದಲು ಕೇಳಬೇಕು, ಸರ್ವರ್ ಕೊಡಬೇಕು. ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗಲು ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ, ಬೇಕೇ ಬೇಕು. ಅದರ ಜೊತೆಗೆ ಎಷ್ಟು ಗಂಟೆಗೆ ಶುರುವಾಯಿತು, ಯಾವ ವಾಹಿನಿ, ಎಷ್ಟು ಹೊತ್ತು, ಯಾವ ಕಂಪನಿಯ ಫೋನ್, ಇವೆಲ್ಲ ಸಾಮಾನ್ಯವಾಗಿ ಸರ್ವರ್‌ನ ಲಾಗ್‌ನಲ್ಲಿ, ಅಂದರೆ ಅದರ ದಾಖಲೆಯಲ್ಲಿ, ಕೂರುತ್ತವೆ. ಇಷ್ಟು ಇಲ್ಲದೆ ಸ್ಟ್ರೀಮಿಂಗ್ ನಡೆಸುವುದು ಕಷ್ಟ, ಇದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಇದೇ ಸಾಲಿನ ಪಕ್ಕ ನಿಮ್ಮ ಅಪ್ಪನ ಮೊಬೈಲ್ ನಂಬರ್ ಸೇರಿಕೊಂಡರೆ ಅದು ಬರೀ ಲಾಗ್ ಆಗಿ ಉಳಿಯುವುದಿಲ್ಲ. ಅದೇ ನಂಬರ್ ಬ್ಯಾಂಕಿನಲ್ಲಿದೆ, ಆಧಾರ್‌ನಲ್ಲಿದೆ, ಗ್ಯಾಸ್ ಬುಕಿಂಗ್‌ನಲ್ಲಿದೆ. ಒಬ್ಬ ಮನುಷ್ಯ ಯಾವ ಭಾಷೆಯ ಸುದ್ದಿ ಕೇಳುತ್ತಾನೆ, ಬೆಳಗ್ಗೆ ಯಾವ ಧರ್ಮದ ಭಕ್ತಿಗೀತೆ ಹಾಕುತ್ತಾನೆ, ಯಾವ ಕಾಯಿಲೆಯ ಕಾರ್ಯಕ್ರಮವನ್ನು ಎರಡು ಸಲ ಕೇಳಿದ ಅನ್ನುವುದೆಲ್ಲ ಹೆಸರಿನ ಸಮೇತ ಸಿಕ್ಕಿಬಿಡುತ್ತದೆ. ಖಾಸಗಿ ಕಂಪನಿಗೆ ಇದು ಗೊತ್ತಾದರೆ ಜಾಹೀರಾತು ತೋರಿಸುತ್ತದೆ. ಜನರ ದುಡ್ಡಲ್ಲಿ ನಡೆಯುವ ಸಂಸ್ಥೆಗೆ ಇದು ಗೊತ್ತಿರಬೇಕಾದ ಅಗತ್ಯವೇ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊರದೇಶದಲ್ಲೂ ಇದೇ ಜಗಳ ನಡೆದಿದೆ. ಬ್ರಿಟನ್ನಿನ ಬಿಬಿಸಿ 2017ರಿಂದ ತನ್ನ ಆನ್‌ಲೈನ್ ವಿಡಿಯೋ ಸೇವೆ ಐಪ್ಲೇಯರ್ ನೋಡಲು ಖಾತೆ ಕಡ್ಡಾಯ ಮಾಡಿತು. ಇಮೇಲ್, ಹುಟ್ಟಿದ ದಿನ, ಪಿನ್‌ಕೋಡ್ ಕೇಳುತ್ತಾರೆ. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿ 2022ರಲ್ಲಿ ಹಾಗೇ ಮಾಡಿದಾಗ ಅಲ್ಲಿನ ಖಾಸಗಿತನದ ತಜ್ಞರು ಜೋರಾಗಿಯೇ ವಿರೋಧಿಸಿದರು. 2024ರಲ್ಲಿ ಬಿಬಿಸಿಯ ಪಿಂಚಣಿ ಯೋಜನೆಯ ಕಡತಗಳು ಕಳುವಾದವು. ಈಗಿನ, ಹಿಂದಿನ ನೌಕರರು ಸೇರಿ 25,000ಕ್ಕೂ ಹೆಚ್ಚು ಜನರ ಹೆಸರು, ಹುಟ್ಟಿದ ದಿನ, ವಿಳಾಸ ಅದರಲ್ಲಿತ್ತು. ಅಷ್ಟು ದೊಡ್ಡ, ಅಷ್ಟು ಹಳೆಯ ಸಂಸ್ಥೆಗೂ ಹೀಗಾಗುತ್ತದೆ.

ಆದರೆ ನಂಬರ್‌ಗಿಂತ ನನ್ನನ್ನು ಜಾಸ್ತಿ ಕಾಡುವುದು ಬೇರೆಯೇ ಒಂದು ವಿಷಯ. ಅದು ಪ್ರಸಾರ ಮಾಡುವವರಿಗೆ ಮಾತ್ರ ಇರುವ ತೊಂದರೆ. ನಮ್ಮ ಮನೆಯಲ್ಲೇ ಆಗಿದ್ದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮ ಒಂದು ರೇಡಿಯೋ ವಾಹಿನಿಯ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿದ್ದರು. ವಾಹಿನಿಯ ಹೆಸರು ಬೇಡ. ಆವತ್ತು ಡಾಕ್ಟರು ಬಂದಿದ್ದರು. ನಿರೂಪಕಿ ಪ್ರೀತಿಯಿಂದಲೇ ‘ಎಲ್ಲಿಂದ ಮಾತಾಡ್ತಾ ಇದ್ದೀರಿ ಮೇಡಂ?’ ಅಂದರು. ನಮ್ಮ ಕಡೆಯವರ ಅಭ್ಯಾಸ ಗೊತ್ತಲ್ಲ. ಚಿಕ್ಕಮ್ಮ ಪೂರ್ತಿ ಹೇಳಿದರು. ತಮ್ಮ ಹೆಸರು, ಗಂಡನ ಹೆಸರು, ಬಡಾವಣೆ, ಯಾವ ದೇವಸ್ಥಾನದ ಹಿಂದಿನ ರಸ್ತೆ ಅನ್ನುವವರೆಗೆ. ಆಮೇಲೆ ಮಗಳ ಕಾಯಿಲೆಯ ಬಗ್ಗೆ ಕೇಳಿದರು. ಕಾಯಿಲೆ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅಂಟುವುದಿಲ್ಲ, ಪ್ರಾಣಕ್ಕೇನೂ ಅಪಾಯವಿಲ್ಲ. ಆದರೂ ಹೆಸರು ಕೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಡಾಕ್ಟರು ಒಳ್ಳೆಯ ಉತ್ತರ ಕೊಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಕಾರ್ಯಕ್ರಮವನ್ನು ವಾಹಿನಿಯವರು ಯೂಟ್ಯೂಬ್‌ಗೆ ಏರಿಸಿದ್ದರು. ಒಳ್ಳೆಯ ಉದ್ದೇಶದಿಂದಲೇ, ಹತ್ತು ಜನರಿಗೆ ಉಪಯೋಗವಾಗಲಿ ಅಂತ. ಕಾಯಿಲೆಯ ಹೆಸರೇ ವಿಡಿಯೋದ ತಲೆಬರಹ. ಒಂದೂವರೆ ವರ್ಷ ಆದಮೇಲೆ ತಂಗಿಯ ಆಫೀಸಿನ ಹುಡುಗಿಯೊಬ್ಬಳು ಅದರ ಲಿಂಕ್ ಕಳಿಸಿ ‘ಇದು ನಿಮ್ಮಮ್ಮ ಅಲ್ವಾ?’ ಅಂತ ಕೇಳಿದಳು. ತಂಗಿ ಆವತ್ತು ರಾತ್ರಿ ನನ್ನ ಎದುರಿಗೆ ಕೂತು ಅದನ್ನು ಕೇಳಿಸಿದಳು. 22ನೇ ನಿಮಿಷದಲ್ಲಿ ಚಿಕ್ಕಮ್ಮನ ಧ್ವನಿ. ಹಿಂದೆ ಕುಕ್ಕರ್ ಕೂಗುತ್ತಿದೆ. ‘ನನ್ನ ಮಗಳಿಗೆ’ ಅಂತ ಶುರು ಮಾಡುತ್ತಾರೆ. ತಂಗಿ ಅಲ್ಲಿಗೇ ನಿಲ್ಲಿಸಿ, ‘ಅಮ್ಮನಿಗೆ ಏನೂ ಹೇಳಬೇಡ, ನೊಂದುಕೊಳ್ಳುತ್ತಾಳೆ’ ಅಂದಳು.

ರೇಡಿಯೋದಲ್ಲಿ ಆಡಿದ ಮಾತು ಗಾಳಿಗೆ ಹೋಗಿ ಮುಗಿಯುತ್ತಿತ್ತು. ಕೇಳಿದವರು ಕೇಳಿದರು, ಇಲ್ಲದವರಿಗೆ ಇಲ್ಲ. ಈಗ ಅದು ಹುಡುಕಿದವರ ಕೈಗೆಲ್ಲ ಸಿಗುತ್ತದೆ. ಕರೆ ಮಾಡಿದ ಚಿಕ್ಕಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ವಾಹಿನಿಗೆ ಮೇಲ್ ಬರೆದೆ. ಲಿಂಕ್, ನಿಮಿಷ, ಸೆಕೆಂಡು ಕೊಟ್ಟು, ಆ ಕರೆಯ ಭಾಗ ತೆಗೆಯಿರಿ ಅಂತ ಕೇಳಿದೆ. ಯೂಟ್ಯೂಬ್‌ನಲ್ಲಿ ವಿಡಿಯೋ ಅಳಿಸದೆಯೇ ಮಧ್ಯದ ತುಂಡನ್ನು ಕತ್ತರಿಸಬಹುದು ಅನ್ನುವುದನ್ನೂ ಬರೆದೆ. ಒಂಬತ್ತನೇ ದಿನ ಉತ್ತರ ಬಂತು, ಕತ್ತರಿಸಿದ್ದರು. ಒರಟಾಗಿ ಮಾತಾಡಲಿಲ್ಲ, ಸುಮ್ನೆ ಯಾರಿಗೂ ಇದು ಹೊಳೆದಿರಲಿಲ್ಲ. ಈಗ ಇದನ್ನು ಬರೆಯುವುದಕ್ಕೂ ತಂಗಿಯ ಒಪ್ಪಿಗೆ ತೆಗೆದುಕೊಂಡೇ ಬರೆದಿದ್ದೇನೆ.

ಕಾನೂನಿನ ವಿಷಯಕ್ಕೆ ಬಂದರೆ, ನಮ್ಮ ಊರಿನವರು ಹೆಮ್ಮೆ ಪಡಬೇಕಾದ ಒಂದು ಸಂಗತಿ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ನಿಮ್ಮ ಅಪ್ಪನ ವಯಸ್ಸಿಗಿಂತ ಹಿರಿಯರೊಬ್ಬರು ಹೋರಾಡಿ ತಂದ ಹಕ್ಕು ಇದು. ‘ವಯಸ್ಸಾದವರಿಗೆ ಪ್ರೈವೆಸಿ ಯಾಕೆ’ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳು, ನಮ್ಮ ಹಕ್ಕುಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಏನು ಮಾಹಿತಿ, ಯಾವ ಕೆಲಸಕ್ಕೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ನಿಮಗಿದೆ. ತಿದ್ದಿಸುವ, ಅಳಿಸುವ ಹಕ್ಕೂ ಇದೆ. ಸೋರಿಕೆಯಾದರೆ ಯಾರ ಮಾಹಿತಿ ಸೋರಿತೋ ಅವರಿಗೆ ತಡಮಾಡದೆ ತಿಳಿಸಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ಭದ್ರತೆಯಲ್ಲಿ ಎಡವಿದರೆ 250 ಕೋಟಿ ರೂಪಾಯಿವರೆಗೆ ದಂಡ. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮಕ್ಕಳ ಕಾರ್ಯಕ್ರಮಕ್ಕೆ ಫೋಟೋ, ಶಾಲೆಯ ಹೆಸರು ಕಳಿಸಿ ಅನ್ನುವವರು ಇದನ್ನು ನೆನಪಿಡಬೇಕು.

ನನಗೆ ತುಂಬಾ ಇಷ್ಟವಾದ ಭಾಗ ಭಾಷೆಯದ್ದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ, ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಆಯ್ಕೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಕನ್ನಡ ಅದರಲ್ಲಿದೆ. ದಿನವಿಡೀ ಕನ್ನಡದಲ್ಲಿ ಮಾತಾಡುವ ವಾಹಿನಿ, ಷರತ್ತುಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಕೊಟ್ಟು ಅಪ್ಪನ ಬೆರಳಿಂದ ‘ಒಪ್ಪಿದೆ’ ಒತ್ತಿಸಿಕೊಂಡರೆ ಅದು ಒಪ್ಪಿಗೆಯಾ?

ಕಾಯ್ದೆಯಲ್ಲಿ ನಾವು ಗಮನಿಸಬೇಕಾದ ತೂತುಗಳೂ ಇವೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಕೇಂದ್ರ ಸರ್ಕಾರ ತನ್ನ ಯಾವುದಾದರೂ ಅಂಗಕ್ಕೆ ವಿನಾಯಿತಿ ಕೊಡಬಹುದು. ಇನ್ನೊಂದು, ಯಾರಾದರೂ ತಮ್ಮ ಮಾಹಿತಿಯನ್ನು ತಾವೇ ಬಹಿರಂಗ ಮಾಡಿದ್ದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಚಿಕ್ಕಮ್ಮ ತಮ್ಮ ಹೆಸರನ್ನು ತಾವೇ ಹೇಳಿದರು, ಸರಿ. ಆದರೆ ಕಾಯಿಲೆ ತಂಗಿಯದ್ದು. ಅವಳು ಬಾಯಿ ಬಿಟ್ಟಿರಲಿಲ್ಲ. ಫೋನ್-ಇನ್ ಮಾಡುವವರು ಈ ವ್ಯತ್ಯಾಸವನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಹೆಸರು ಬದಲಿಸಿ, ಬಡಾವಣೆ ಬಿಟ್ಟು ‘ಬೆಂಗಳೂರಿನಿಂದ’ ಅಂದರೆ ಕಾರ್ಯಕ್ರಮಕ್ಕೇನೂ ನಷ್ಟವಿಲ್ಲ.

ಈಗ ನಿಮ್ಮ ಅಪ್ಪನ ಫೋನಿಗೆ ಬರೋಣ. ಅಂಗಡಿಯಲ್ಲಿ ಸಿಗುವ ಸಣ್ಣ ರೇಡಿಯೋ ಸೆಟ್ ಒಂದನ್ನು ತಂದುಕೊಡಿ. ಮೀಡಿಯಂ ವೇವ್ ಇರುವ ಸೆಟ್ ಆದರೆ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ. ಎಫ್‌ಎಂನಲ್ಲಿ 101.3 ರೇನ್‌ಬೋ, 102.9 ವಿವಿಧ ಭಾರತಿ. ಕೆಲವು ಫೋನ್‌ಗಳಲ್ಲಿ ಎಫ್‌ಎಂ ಇರುತ್ತದೆ, ಇಯರ್‌ಫೋನ್ ವೈರ್ ಸಿಕ್ಕಿಸಿದರೆ ಅದೇ ಏರಿಯಲ್. ಡೇಟಾ ಬೇಡ, ಲಾಗಿನ್ ಬೇಡ.

ಆ್ಯಪ್ ಬೇಕೇ ಬೇಕು ಅಂದರೆ ಪ್ಲೇ ಸ್ಟೋರ್‌ನಲ್ಲಿ ತಯಾರಕರ ಹೆಸರನ್ನು ನೋಡಿ. ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿಯ ಕೆಳಗೆ ಬರುತ್ತವೆ. ಲಾಂಛನ ಒಂದೇ ನೋಡಿ ನಂಬಬೇಡಿ, ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅಲ್ಲೇ ಕೆಳಗೆ ‘ಡೇಟಾ ಸುರಕ್ಷತೆ’ ಅನ್ನುವ ಭಾಗ ಇರುತ್ತದೆ, ಓದಿ. ರೇಡಿಯೋ ಕೇಳಲು ಕಾಂಟ್ಯಾಕ್ಟ್ಸ್ ಬೇಡ, ಕ್ಯಾಮೆರಾ ಬೇಡ. ಲೊಕೇಶನ್ ಕೇಳಿದರೆ ಬೇಡ ಅನ್ನಿ, ಕೈಯಿಂದಲೇ ಬೆಂಗಳೂರು ಆರಿಸಿಕೊಳ್ಳಿ. ಇಮೇಲ್ ಕೊಟ್ಟರೂ ನಡೆಯುತ್ತದೆ ಅಂದರೆ ನಂಬರ್ ಬದಲು ಅದನ್ನು ಕೊಡಿ.

ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಚಂದನವನ್ನು ಯೂಟ್ಯೂಬ್‌ನಲ್ಲಿ ನೋಡಿದರೆ ನೋಡಿದ ಲೆಕ್ಕ ಗೂಗಲ್‌ನ ಹತ್ತಿರ ಇರುತ್ತದೆ. ಅಲೆಕ್ಸಾಗೆ ಹೇಳಿ ಆಕಾಶವಾಣಿ ಹಾಕಿಸಿದರೆ ಆ ಮಾತು ಅಮೆಜಾನ್‌ನ ಸರ್ವರ್‌ಗೆ ಹೋಗುತ್ತದೆ. ವಾಹಿನಿ ಎಷ್ಟೇ ಜೋಪಾನವಾಗಿದ್ದರೂ ಅಲ್ಲಿ ನಡೆಯುವುದು ಆ ಕಂಪನಿಗಳ ನಿಯಮ.

ಅವರು ನಿಜವಾಗಿ ಏನು ಸಂಗ್ರಹಿಸುತ್ತಾರೆ, ಎಷ್ಟು ದಿನ ಇಡುತ್ತಾರೆ ಅಂತ ತಿಳಿಯಬೇಕಾ? ಮಾಹಿತಿ ಹಕ್ಕಿನಲ್ಲಿ ಕೇಳಿ. ಪ್ರಸಾರ ಭಾರತಿ ಕೇಂದ್ರದ ಕಾಯ್ದೆಯಿಂದ ಆದ ಸಂಸ್ಥೆ, ಹಾಗಾಗಿ ರಾಜ್ಯದ ಪೋರ್ಟಲ್‌ನಲ್ಲಿ ಹಾಕಿದರೆ ಆಗುವುದಿಲ್ಲ. ಶುಲ್ಕ 10 ರೂಪಾಯಿ, ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು. ಇಲ್ಲಿನ ಕಚೇರಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ‘ಕೇಳುಗರ ಐಪಿ ವಿಳಾಸ, ಮೊಬೈಲ್ ನಂಬರ್‌ಗಳನ್ನು ಎಷ್ಟು ದಿನ ಉಳಿಸಿಕೊಳ್ಳುತ್ತೀರಿ, ಬೇರೆ ಯಾವ ಸಂಸ್ಥೆಗೆ ಕೊಡುತ್ತೀರಿ’ ಅಂತ ನೇರವಾಗಿ ಕೇಳಿ. ಯಾಕೆ ಕೇಳುತ್ತಿದ್ದೀರಿ ಅಂತ ಕಾರಣ ಕೊಡಬೇಕಿಲ್ಲ.

ಕೊನೆಗೆ ಅಪ್ಪನ ಕಿವಿಗೆ ಹಾಕಬೇಕಾದ ಒಂದು ಮಾತು. ‘ರೇಡಿಯೋ ಸ್ಪರ್ಧೆಯಲ್ಲಿ ನಿಮಗೆ ಬಹುಮಾನ ಬಂದಿದೆ, ಓಟಿಪಿ ಹೇಳಿ’ ಅಂತ ಯಾರಾದರೂ ಕರೆ ಮಾಡಿದರೆ ಇಟ್ಟುಬಿಡಬೇಕು. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫೋನ್-ಇನ್‌ಗೆ ಕರೆ ಮಾಡಬೇಡಿ ಅಂತ ಮಾತ್ರ ಅವರಿಗೆ ಹೇಳಬೇಡಿ. ಊರು ಬಿಟ್ಟು ಬಂದವರಿಗೆ ಅದೊಂದು ಆಸರೆ. ಚಿಕ್ಕಮ್ಮನಿಗೆ ತಂಗಿಯೇ ಒಂದು ದಿನ ಎಲ್ಲ ಹೇಳಿದಳು. ಎರಡು ತಿಂಗಳು ಅವರು ರೇಡಿಯೋ ಹಾಕಲೇ ಇಲ್ಲ. ಮೊನ್ನೆ ಮತ್ತೆ ಕರೆ ಮಾಡಿದ್ದರು, ತಮ್ಮ ಮಂಡಿ ನೋವಿಗೆ. ನಿರೂಪಕರು ಎಲ್ಲಿಂದ ಅಂತ ಕೇಳಿದಾಗ ಒಂದು ಕ್ಷಣ ತಡೆದು, ‘ಬೆಂಗಳೂರಿಂದ, ಒಬ್ಬರು ಅಮ್ಮ ಅಂದುಕೊಳ್ಳಿ’ ಅಂದರು. ಡಾಕ್ಟರು ಅಷ್ಟೇ ಚೆನ್ನಾಗಿ ಉತ್ತರ ಕೊಟ್ಟರು.